‘ಅಬೌಟ್ ಟು’ ಜೊತೆ ‘ಟುಮಾರೋ’ ಬರೆಯಬಹುದಾ?

‘ಐ ಆಮ್ ಅಬೌಟ್ ಟು ಸೆಂಡ್ ದ ರಿಪೋರ್ಟ್ ಟುಮಾರೋ’ ಅಂತ ಬರೆದಿದ್ದಕ್ಕೆ ಮ್ಯಾನೇಜರ್ ಕೆಂಪು ಗೆರೆ ಎಳೆದರು, ಯಾಕೆ ಅಂತ ಕೇಳಿದ್ದೀರಿ. ಗೆರೆ ಬಹುಶಃ ಆ ‘ಟುಮಾರೋ’ಗೆ. ನಮ್ಮ ‘ಕಳಿಸುವವನಿದ್ದೇನೆ’ ನಾಳೆಗೂ ನಡೆಯುತ್ತದೆ, ಮುಂದಿನ ವಾರಕ್ಕೂ ನಡೆಯುತ್ತದೆ. ‘ಅಬೌಟ್ ಟು’ ಹಾಗಲ್ಲ. ‘ಇನ್ನೇನು ಕಳಿಸಬೇಕು’ ಅಂತೀವಲ್ಲ, ಅದು. ಬೆರಳು ಸೆಂಡ್ ಬಟನ್ ಮೇಲೆ ಇದ್ದಾಗ ಮಾತ್ರ.

ಮೊದಲು ವಾಕ್ಯದಲ್ಲಿ ದಿನ, ವಾರ ಏನಾದರೂ ಇದೆಯಾ ನೋಡಿ. ಇದ್ದರೆ ‘ಗೋಯಿಂಗ್ ಟು’ ಅಥವಾ ‘ವಿಲ್’ ಹಾಕಿ. ಇಲ್ಲದೆ, ಇನ್ನೇನು ಕಳಿಸುವುದರಲ್ಲಿದ್ದರೆ ‘ಅಬೌಟ್ ಟು ಸೆಂಡ್’ ಸರಿ, ‘ಅಬೌಟ್ ಟು ಸೆಂಡಿಂಗ್’ ಬೇಡ. ಆಗಿಹೋದದ್ದಕ್ಕೆ ‘ವಾಸ್ ಅಬೌಟ್ ಟು ಸೆಂಡ್ ಇಟ್ ವೆನ್ ದ ಪವರ್ ವೆಂಟ್’, ಅಂದರೆ ಕಳಿಸಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

‘ನಾಟ್ ಅಬೌಟ್ ಟು’ ಬಳಸುವಾಗ ಹುಷಾರು. ‘ಕಳಿಸುವ ಮಾತೇ ಇಲ್ಲ’ ಅಂತ ಸುಮ್ನೆ ಜಗಳಕ್ಕೆ ನಿಂತ ಹಾಗಾಗುತ್ತದೆ.