ಫಾರಂ 26 ಮೊದಲು ಮನೆಯಲ್ಲಿ ತುಂಬಿ

ಇವರು ತಿಪಟೂರು ಕಡೆಯ ಕೊಬ್ಬರಿ ಮಂಡಿ ಮಾಲೀಕರು. ವಯಸ್ಸು ಐವತ್ತು ದಾಟಿದೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಬಿಪಿ ಇಳಿಯುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು. ಮಾತೆತ್ತಿದರೆ ಸಿಟ್ಟು. ಅವರ ಡಾಕ್ಟರೇ "ತುಮಕೂರಿಗೆ ಹೋಗಿ ಒಂದ್ಸಲ ಮಾತಾಡಿ ಬನ್ನಿ" ಅಂತ ನನ್ನ ಹತ್ತಿರ ಆಪ್ತಸಲಹೆಗೆ ಕಳಿಸಿದ್ದರು. ಜೊತೆಗೆ ಹೆಂಡತಿ ಬಂದಿದ್ದರು.

ಮೊದಲ ಅರ್ಧ ಗಂಟೆ ಅವರೊಬ್ಬರೇ ಮಾತಾಡಿದರು. 2028ರ ವಿಧಾನಸಭೆ ಚುನಾವಣೆಗೆ ನಿಲ್ಲಬೇಕು. ಪಕ್ಷದ ಟಿಕೆಟ್ ಸಿಕ್ಕರೆ ಸರಿ, ಇಲ್ಲದಿದ್ದರೆ ಪಕ್ಷೇತರ. ಯಾಕೆ ಅಂತ ಕೇಳಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. "ವರ್ಷದ ಹತ್ತಿರ ಅಟ್ಟದಲ್ಲಿಟ್ಟು ಕಾದ ಕಾಯಿ ಮೇಡಂ. ರೈತರು ಮಂಡಿ ಮುಂದೆ ಕೂತು ಅತ್ತರು. ನಮ್ಮ ಪರವಾಗಿ ಜೋರಾಗಿ ಮಾತಾಡೋರು ಬೇಡವಾ?" ಅಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಚುನಾವಣೆಯ ಆಸೆ ಅಂದ ತಕ್ಷಣ ಅದನ್ನು ಕಾಯಿಲೆ ಥರ ನೋಡಬಾರದು. ನಾನು ನೋಡಲೂ ಇಲ್ಲ.

ಹೆಂಡತಿ ಬಾಯಿ ಬಿಟ್ಟಿದ್ದು ಆಮೇಲೆ.

"ನಾಮಪತ್ರ ಹಾಕುವಾಗ ಹೆಂಡತಿ ಒಡವೆ ಎಷ್ಟು ಗ್ರಾಂ ಅಂತಾನೂ ಬರೆದು ಕೊಡಬೇಕಂತೆ. ಅದನ್ನ ಊರವರೆಲ್ಲಾ ಓದಬಹುದಂತೆ. ನನ್ನ ಒಡವೆ ಎಲ್ಲಿದೆ ಅಂತ ನನಗೇ ಗೊತ್ತಿಲ್ವಲ್ಲ ಮೇಡಂ."

ಅವರ ಎರಡೂ ಕೈಯಲ್ಲಿ ಗಾಜಿನ ಬಳೆ ಮಾತ್ರ ಇದ್ದವು. ಯಜಮಾನರು ನೆಲ ನೋಡುತ್ತಾ ಕೂತರು. ಲಾಕರಿನಲ್ಲಿದೆ ಅಂತ ಅವರು ಹೇಳಿದ್ದ ಒಡವೆ ಬ್ಯಾಂಕಿನಲ್ಲಿ ಅಡವಿತ್ತು. ಆ ದುಡ್ಡು ಗಣೇಶನ ಹಬ್ಬದ ಚಂದಾಕ್ಕೆ, ವಾಲಿಬಾಲ್ ಟೂರ್ನಮೆಂಟಿಗೆ, ಜಾತ್ರೆಯ ಫ್ಲೆಕ್ಸಿಗೆ ಹೋಗಿತ್ತು. ನನ್ನ ಅನಿಸಿಕೆಯಲ್ಲಿ ಅವರ ನಿದ್ದೆ ಕೆಡಿಸಿದ್ದು ಚುನಾವಣೆ ಅಲ್ಲ, ಈ ಮುಚ್ಚಿಟ್ಟ ಮಾತು.

ಇನ್ನೊಂದು ವಿಷಯ ಅವರ ಚೀಲದಲ್ಲಿತ್ತು. ಮಂಡಿಯ ಖಾತೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಮೂಲೆ ಸವೆದಿದೆ. ತೆಗೆದು ತೋರಿಸಿದರು. ಮುಂಗಡ ತೆಗೆದುಕೊಂಡ ರೈತರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗುರುತುಗಳು. ಸರಿ ಗುರುತು ಇದ್ದವರು "ನಮ್ಮವರು". ಸುಳಿ ಇದ್ದವರು ಅನುಮಾನ. ಒಬ್ಬ ರೈತ ಬೇರೆಯವರ ಮನೆ ಮದುವೆಯಲ್ಲಿ ಇನ್ನೊಬ್ಬ ಮುಖಂಡರ ಪಕ್ಕ ಕೂತು ಊಟ ಮಾಡಿದ್ದಕ್ಕೆ ಸರಿ ಗುರುತು ಅಳಿಸಿ ಸುಳಿ ಹಾಕಿದ್ದರು. ಇಪ್ಪತ್ತು ವರ್ಷದಿಂದ ಇವರ ಮಂಡಿಗೇ ಮಾಲು ಹಾಕುತ್ತಿರುವ ಮನುಷ್ಯ ಆತ. ಕೆಲವರ ಮುಂಗಡ ಮನ್ನಾ ಮಾಡೋ ಯೋಚನೆಯೂ ಇತ್ತು.

ಇಲ್ಲಿ ನಾನು ನೇರವಾಗಿಯೇ ಹೇಳಿದೆ. ವೋಟಿಗಾಗಿ ಸಾಲ ಬಿಡೋದು ಲಂಚ, ಅದು ಅಪರಾಧ. ಗೆದ್ದರೂ ಕೋರ್ಟಿನಲ್ಲಿ ಆಯ್ಕೆಯೇ ರದ್ದಾಗಬಹುದು. ಅದಕ್ಕಿಂತ ಮೊದಲು ನಿಮ್ಮ ವ್ಯಾಪಾರ ಹೋಗುತ್ತೆ. ರೈತ ನಿಮ್ಮ ತಕ್ಕಡಿ ನಂಬಿ ಬರ್ತಾನೆ. ನೀವು ಅವನ ಮುಖ ನೋಡಿದಾಗಲೆಲ್ಲಾ ವೋಟು ಎಣಿಸಿದರೆ ಅವನಿಗೆ ಗೊತ್ತಾಗದೇ ಇರುತ್ತಾ? ಅವರು ಪುಸ್ತಕ ಮುಚ್ಚಿ ತೊಡೆ ಮೇಲೆ ಇಟ್ಟುಕೊಂಡರು. ಸುಮಾರು ಹೊತ್ತು ಮಾತಾಡಲಿಲ್ಲ.

ನಿಲ್ಲಬೇಡಿ ಅಂತ ನಾನು ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ. ಒಂದು ಕೆಲಸ ಕೊಟ್ಟೆ. ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿಗೆ ಫಾರಂ 26 ಅಂತಾರೆ. ಗಂಡ, ಹೆಂಡತಿ, ಅವಲಂಬಿತರು, ಎಲ್ಲರ ಆಸ್ತಿ, ಸಾಲ, ಚಿನ್ನ, ಗಾಡಿ, ಅಭ್ಯರ್ಥಿಯ ಮೇಲಿನ ಕೇಸು, ಗಂಡ ಹೆಂಡತಿಯ ಉದ್ಯೋಗ ಎಲ್ಲಾ ಅದರಲ್ಲಿ ಬರಬೇಕು. ಯಾವ ಕಾಲಮ್ಮೂ ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ "ಇಲ್ಲ" ಅಂತಲೇ ಬರೀಬೇಕು. ಅದನ್ನು ಒಂದು ಭಾನುವಾರ ಊಟದ ಮೇಲೆ ಇಬ್ಬರೂ ಕೂತು ತುಂಬಿ, ಫೋನು ಪಕ್ಕಕ್ಕಿಡಿ, ಬರೆಯೋರು ನಿಮ್ಮ ಹೆಂಡತಿ ಆಗಿರಲಿ ಅಂದೆ. ಚುನಾವಣಾಧಿಕಾರಿಗೆ ಹೇಳೋ ಸತ್ಯ ಮೊದಲು ಹೆಂಡತಿಗೆ ಗೊತ್ತಾಗಬೇಕು ಅಲ್ವಾ?

ಖರ್ಚಿನ ಮಾತೂ ಬಂತು. ವಿಧಾನಸಭೆ ಅಭ್ಯರ್ಥಿಗೆ ಮಿತಿ 40 ಲಕ್ಷ. ಠೇವಣಿ 10,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಅದೂ ಹೋಗುತ್ತೆ. ಆದರೆ ಕಾನೂನಿನ ಲೆಕ್ಕ ಶುರುವಾಗೋದು ನಾಮಪತ್ರದ ದಿನದಿಂದ. ಮನೆಯ ಲೆಕ್ಕ ಮೊದಲ ಫ್ಲೆಕ್ಸಿನ ದಿನವೇ ಶುರುವಾಗಿರುತ್ತೆ. ಹೀಗೆ ಎರಡು ಮೂರು ವರ್ಷ ಮೊದಲೇ ಕೈ ಖಾಲಿ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಹಾಗಾಗಿ ಇವತ್ತಿನವರೆಗಿನ ಖರ್ಚನ್ನೂ ಅದೇ ಹಾಳೆಯ ಹಿಂದೆ ಬರೆಯಿರಿ ಅಂದೆ. ಮನೆ, ಒಡವೆ, ಮಗಳ ಓದಿನ ದುಡ್ಡು ಈ ಮೂರನ್ನು ಮುಟ್ಟದೆ ಎಷ್ಟು ಉಳಿಯುತ್ತೋ ಅದೇ ನಿಮ್ಮ ಮಿತಿ, 40 ಲಕ್ಷ ಅಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ. "ಫಲಿತಾಂಶದ ಮಾರನೇ ದಿನ ಬೆಳಗ್ಗೆ ಮಂಡಿ ಬೀಗ ಯಾರು ತೆಗೀತಾರೆ?" ಗೆದ್ದರೂ ಸೋತರೂ ಆ ಬೆಳಗ್ಗೆ ಬಂದೇ ಬರುತ್ತೆ. ಅವರ ಹತ್ತಿರ ಉತ್ತರ ಇರಲಿಲ್ಲ. ಯೋಚನೆ ಮಾಡಿ ಅಂತ ಬಿಟ್ಟೆ. ಬಿಪಿ ಮಾತ್ರೆ ತಪ್ಪಿಸಬೇಡಿ, ರಾತ್ರಿ ಹತ್ತರ ಮೇಲೆ ಫೋನ್ ತೆಗೀಬೇಡಿ ಅಂತಲೂ ಹೇಳಿದೆ. ಸಾಯೋ ಯೋಚನೆ ಏನಾದರೂ ಬರುತ್ತಾ ಅಂತ ಕೇಳಿದೆ. ಸಾಲ, ಮರ್ಯಾದೆ ಎರಡೂ ಒಟ್ಟಿಗೆ ಇರುವ ಕಡೆ ಇದನ್ನು ಕೇಳಲೇಬೇಕು. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಿನಲ್ಲೂ ಹಾಕಿಸಿದೆ.

ಮೂರು ವಾರ ಬಿಟ್ಟು ಬಂದರು. ಫಾರಂ ಪೂರ್ತಿ ಹೆಂಡತಿಯ ಅಕ್ಷರದಲ್ಲಿತ್ತು. ಚಿನ್ನದ ಕಾಲಮ್ಮಿನಲ್ಲಿ ಗ್ರಾಂ ಲೆಕ್ಕ, ಸಾಲದ ಕಾಲಮ್ಮಿನಲ್ಲಿ ಅಡವಿನ ಲೆಕ್ಕ, ಎರಡೂ ಇದ್ದವು. ಆ ಭಾನುವಾರ ಮನೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಎರಡು ದಿನ ಮಾತಿರಲಿಲ್ಲವಂತೆ. ಮೂರನೇ ದಿನ ರಾತ್ರಿ ಯಜಮಾನರು ಬೆಳಗಿನವರೆಗೂ ಮಲಗಿದ್ದರು. ತಿಂಗಳುಗಳ ಮೇಲೆ ಅಂಥ ನಿದ್ದೆ.

ಸಂಗಾತಿಯ ಉದ್ಯೋಗ ಅನ್ನುವ ಜಾಗದಲ್ಲಿ ಮೊದಲು "ಗೃಹಿಣಿ" ಅಂತ ಬರೆದು ಹೊಡೆದು ಹಾಕಿತ್ತು. ಕೇಳಿದೆ. "ಹತ್ತೊಂಬತ್ತು ವರ್ಷದಿಂದ ಸಂಜೆ ಮಂಡಿ ಲೆಕ್ಕ ಬರೆಯೋದು ಇವಳೇ. ಅದು ಸುಳ್ಳಾಗುತ್ತಲ್ಲ ಅಂತ ನಾನೇ ಹೊಡೆಸಿದೆ" ಅಂದರು ಯಜಮಾನರು. ಪಕ್ಕದಲ್ಲಿ "ವ್ಯಾಪಾರ" ಅಂತ ಬರೆದಿತ್ತು.

ನಿಲ್ಲೋದು ಬಿಡೋದು ಇನ್ನೂ ತೀರ್ಮಾನ ಆಗಿಲ್ಲ. ಖಾತೆ ಪುಸ್ತಕದ ಪೆನ್ಸಿಲ್ ಗುರುತುಗಳನ್ನು ಅಳಿಸಿದ್ದಾರೆ. ಈ ಸಲದ ಮಾಲು ಮಾರಿದ ದುಡ್ಡಲ್ಲಿ ಮೊದಲು ಒಡವೆ ಬಿಡಿಸೋದು ಅಂತ ಆಗಿದೆ. ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗ್ತಾರಂತೆ.