22 ದಿನ ಊರಿನಲ್ಲಿರುವುದಿಲ್ಲ, ಮೀನುಗಳನ್ನು ಯಾರಿಗೆ ಒಪ್ಪಿಸಲಿ?

ಪ್ರಶ್ನೆ: ಮಾನ್ಯರೇ, ನಾವು ಮೈಸೂರಿನ ಕುವೆಂಪುನಗರದಲ್ಲಿರುವ ನಿವೃತ್ತ ದಂಪತಿ. ಏಪ್ರಿಲ್ ಕೊನೆಯ ವಾರ ಹೊರಟು ಕಾಶಿ, ಪ್ರಯಾಗ, ಅಯೋಧ್ಯೆ ನೋಡಿಕೊಂಡು ಹರಿದ್ವಾರದವರೆಗೆ ಹೋಗಿಬರುವ ಯೋಜನೆಯಿದ್ದು, ಒಟ್ಟು 22 ದಿನ ಮನೆಗೆ ಬೀಗ ಹಾಕಿರುತ್ತೇವೆ. ಮನೆಯಲ್ಲಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿಯಿದೆ. ಅದರಲ್ಲಿ 4 ಏಂಜೆಲ್, 6 ಮಾಲಿ ಮತ್ತು ಒಂದು ಸಕ್ಕರ್ ಮೀನಿವೆ. ದಿನಕ್ಕೆರಡು ಬಾರಿ ಆಹಾರ ಹಾಕುವುದು ರೂಢಿ. ಎರಡು ವಾರ ನಿಧಾನವಾಗಿ ಕರಗುವ ಆಹಾರದ ಬಿಲ್ಲೆ ಹಾಕಿ ಹೋಗಿ ಎಂದು ಅಂಗಡಿಯವರು ಹೇಳುತ್ತಾರೆ. ಮೀನುಗಳನ್ನು ಬಕೆಟ್ಟಿನಲ್ಲಿ ಮಂಡ್ಯದ ತನ್ನ ಮನೆಗೆ ತಂದುಬಿಡಿ ಎಂದು ನನ್ನ ತಂಗಿ ಹೇಳುತ್ತಾಳೆ. ಎದುರು ಮನೆಯವರೂ ನೋಡಿಕೊಳ್ಳಲು ಒಪ್ಪಿದ್ದಾರೆ, ಆದರೆ ಅವರಿಗೆ ಮೀನು ಸಾಕಿದ ಅನುಭವವಿಲ್ಲ. ಯಾವುದು ಕ್ಷೇಮ?

ಉತ್ತರ: ಈ ಮೂರರಲ್ಲಿ ಎದುರು ಮನೆಯವರೇ ಕ್ಷೇಮ, ಅನುಭವವಿಲ್ಲದಿರುವುದು ದೊಡ್ಡ ಅಡ್ಡಿಯೇನಲ್ಲ. ಆದರೆ ಮೀನಿಗೆ ಆಹಾರ ಹಾಕುವುದೇ ಅವರ ಕೆಲಸವೆಂದು ನೀವು ಭಾವಿಸಿದ್ದರೆ ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ದಿನಕ್ಕೊಮ್ಮೆ ಬಾಗಿಲು ತೆಗೆದು ತೊಟ್ಟಿಯ ಮುಂದೆ ಎರಡು ನಿಮಿಷ ನಿಂತು ನೋಡುವ ಒಂದು ಜೊತೆ ಕಣ್ಣು ನಿಮಗೆ ಮುಖ್ಯವಾಗಿ ಬೇಕು. ಆಹಾರ ಹಾಕುವ ಕೈಯ ಅಗತ್ಯ ಆಮೇಲಿನದು.

ಮೀನು ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ನಮ್ಮಂತೆ ಆಹಾರವನ್ನು ಉರಿಸಬೇಕಾಗಿಲ್ಲವಾದ್ದರಿಂದ, ಬೆಳೆದ ಆರೋಗ್ಯವಂತ ಏಂಜೆಲ್ ಅಥವಾ ಮಾಲಿ ಒಂದು ವಾರ ಏನೂ ತಿನ್ನದಿದ್ದರೂ ತಡೆದುಕೊಳ್ಳುತ್ತದೆ. ಅದು ತಡೆದುಕೊಳ್ಳಲಾರದ್ದು ಕೆಟ್ಟ ನೀರನ್ನು. ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ವಿಷಕಾರಿಯಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಆದರೆ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ನೀವು ದಿನನಿತ್ಯ ಹಾಕುವ ಆಹಾರಕ್ಕೆ ತಕ್ಕಷ್ಟೇ ಬೆಳೆದಿರುತ್ತದೆ. ಒಮ್ಮೆಲೇ ಆಹಾರ ಮೂರು ಪಟ್ಟಾದರೆ ಅವು ಸೋಲುತ್ತವೆ. ನೀರು ಬಿಸಿಯಾದಷ್ಟೂ, ಅದರ ಕ್ಷಾರಗುಣ ಹೆಚ್ಚಿದಷ್ಟೂ ಅಮೋನಿಯಾದ ವಿಷ ತೀವ್ರವಾಗುತ್ತದೆ ಎಂಬುದನ್ನು ಗಮನಿಸಿದರೆ, ಬೇಸಿಗೆಯಲ್ಲಿ, ಅದರಲ್ಲೂ ಬೋರ್‌ವೆಲ್ಲಿನ ಗಡಸು ನೀರು ತುಂಬಿದ ತೊಟ್ಟಿಯಲ್ಲಿ, ಒಂದು ಚಮಚ ಹೆಚ್ಚಿನ ಆಹಾರ ಎಷ್ಟು ಅಪಾಯಕಾರಿ ಎಂಬುದು ಅರ್ಥವಾಗುತ್ತದೆ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಹಲವು ವರ್ಷಗಳ ಹಿಂದೆ ನೆಂಟರ ಮದುವೆಗೆಂದು ಧಾರವಾಡಕ್ಕೆ ಹೋಗಿ ಒಂಬತ್ತು ದಿನ ಉಳಿದಾಗ, ಪಕ್ಕದ ಮನೆಯ ಅಜ್ಜಿಯೊಬ್ಬರ ಕೈಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋಗಿದ್ದೆ. ಮನುಷ್ಯರನ್ನು ಕಂಡೊಡನೆ ಗಾಜಿನ ಬಳಿ ಬಂದು ಬಾಯಿ ತೆರೆಯುವುದು ಸಾಕಿದ ಮೀನಿನ ಅಭ್ಯಾಸ, ಹೊಟ್ಟೆ ತುಂಬಿದ್ದರೂ ಬರುತ್ತದೆ. ಅಜ್ಜಿಗೆ ಅದು ಗೊತ್ತಿರಲಿಲ್ಲ. "ಪಾಪ, ಬಾಯಿ ಬಾಯಿ ಬಿಡ್ತಿದ್ವು ಕಣಪ್ಪಾ, ಹೆಂಗೆ ನೋಡ್ಕಂಡಿರ್ಲಿ" ಎಂದು ಅವರು ಆಮೇಲೆ ಕಣ್ಣೊರೆಸಿಕೊಂಡರು. ನಾನು ಬಾಗಿಲು ತೆರೆದಾಗ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ತಳದ ಜಲ್ಲಿಯ ಮೇಲೆ ಊದಿಕೊಂಡ ಕಾಳುಗಳ ಸುತ್ತ ಅರಳೆಯಂತಹ ಬೂಷ್ಟು ಹಿಡಿದಿತ್ತು. ಹದಿನಾಲ್ಕು ಮೀನುಗಳಲ್ಲಿ ಉಳಿದದ್ದು ಮೂರು. ಡಬ್ಬಿ ಖಾಲಿಯಾಗಿತ್ತು.

ಆದ್ದರಿಂದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಒಂದೊಂದು ಹೊತ್ತಿಗೆ ಬೇಕಾಗುವಷ್ಟು ಆಹಾರವನ್ನು, ಅಂದರೆ ನಿಮ್ಮ ಮೀನುಗಳು ಎರಡು ನಿಮಿಷದೊಳಗೆ ಪೂರ್ತಿ ತಿಂದು ಮುಗಿಸುವಷ್ಟನ್ನು, ದೇವಸ್ಥಾನದ ಕುಂಕುಮದ ಪೊಟ್ಟಣದ ಹಾಗೆ ಕಾಗದದಲ್ಲಿ ಮಡಿಸಿ ಪ್ರತಿಯೊಂದರ ಮೇಲೂ ತಾರೀಖು ಬರೆಯಿರಿ. ಮೊದಲ ಮೂರು ದಿನ ಏನೂ ಬೇಡ. ನಾಲ್ಕನೆಯ ದಿನದಿಂದ ಮೂರು ದಿನಕ್ಕೊಮ್ಮೆ ಒಂದು ಪೊಟ್ಟಣ ಎಂದರೆ, ನೀವು ಮರಳುವ ದಿನವನ್ನು ಬಿಟ್ಟು 6 ಪೊಟ್ಟಣಗಳು ಸಾಕು. ಅವುಗಳಲ್ಲಿ ಎರಡರೊಳಗೆ ಸಕ್ಕರ್‌ಗಾಗಿ ತಳಕ್ಕಿಳಿಯುವ ಬಿಲ್ಲೆ ಒಂದೊಂದನ್ನು ಸೇರಿಸಿ. ಸಕ್ಕರ್ ತೊಟ್ಟಿಯ ಕೊಳೆಯನ್ನೆಲ್ಲ ತಿಂದುಕೊಂಡು ಬದುಕುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಗಾಜಿಗಂಟಿದ ಪಾಚಿಯನ್ನು ಮೇಯುತ್ತದೆಯೇ ಹೊರತು ಕೊಳೆಯನ್ನಲ್ಲ, ತಾನೇ ಸಾಕಷ್ಟು ಹೊಲಸು ಮಾಡುತ್ತದೆ ಕೂಡ. ಹಿಂಬದಿಯ ಗಾಜಿನ ಪಾಚಿಯನ್ನು ಹೊರಡುವ ಮುನ್ನ ಉಜ್ಜದೆ ಅದಕ್ಕಾಗಿ ಹಾಗೆಯೇ ಬಿಟ್ಟುಬಿಡಿ. ಪೊಟ್ಟಣಗಳು ತೇವಗೊಳ್ಳದಂತೆ ಸ್ಟೀಲ್ ಡಬ್ಬಿಯಲ್ಲಿಟ್ಟು, ಹೊರಡುವ ವಾರದಲ್ಲಿ ಎರಡು ಸಲವಾದರೂ ಎದುರು ಮನೆಯವರ ಕೈಯಿಂದಲೇ ನಿಮ್ಮೆದುರಿಗೆ ಒಂದೊಂದು ಪೊಟ್ಟಣ ಹಾಕಿಸಿ. ಮರೆತರೆ ಮರುದಿನ ಎರಡು ಪೊಟ್ಟಣ ಹಾಕಬಾರದೆಂದು ಬಾಯಲ್ಲಿ ಹೇಳಿ, ಡಬ್ಬಿಯ ಮುಚ್ಚಳದ ಮೇಲೂ ಬರೆಯಿರಿ.

ಇನ್ನು ವಿದ್ಯುತ್ತು. ದೂರದ ಪ್ರಯಾಣಕ್ಕೆ ಹೊರಡುವಾಗ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಮೇನ್ ಸ್ವಿಚ್ ಆರಿಸಿ ಬೀಗ ಹಾಕುವುದು ನಮ್ಮ ಮನೆಗಳ ಪದ್ಧತಿ. ರೈಲು ಹತ್ತುವ ಆತುರದಲ್ಲಿ ಈ ಅಭ್ಯಾಸಬಲದ ಕೈ ತೊಟ್ಟಿಯ ಫಿಲ್ಟರನ್ನೂ ನಿಲ್ಲಿಸಿಬಿಡುತ್ತದೆ. ತೊಟ್ಟಿಯ ಪ್ಲಗ್ಗು ಯಾವ ಎಂಸಿಬಿಗೆ ಸೇರಿದೆ ಎಂಬುದನ್ನು ಮೊದಲೇ ಗುರುತಿಸಿ, ಅದೊಂದರ ಮೇಲೆ ಬಣ್ಣದ ಟೇಪು ಅಂಟಿಸಿ, ಉಳಿದವನ್ನು ಮಾತ್ರ ಆರಿಸಿ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಮರದ ಕೊಂಬೆ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವುದು ಕುವೆಂಪುನಗರದವರಿಗೆ ಹೊಸದಲ್ಲ. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ತೊಟ್ಟಿಯ ಪ್ಲಗ್ಗಿಗೆ ಅದರ ಸಂಪರ್ಕವಿದೆಯೇ ಎಂದು ಮೇನ್ ಆರಿಸಿ ಪರೀಕ್ಷಿಸಿ, ಏಕೆಂದರೆ ಅನೇಕ ಮನೆಗಳಲ್ಲಿ ಇನ್‌ವರ್ಟರಿನ ಲೈನು ದೀಪ, ಫ್ಯಾನುಗಳಿಗಷ್ಟೇ ಇರುತ್ತದೆ. ಇಲ್ಲದಿದ್ದರೆ ಕರೆಂಟು ಹೋದೊಡನೆ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪೊಂದನ್ನು ಕೊಳ್ಳುವುದು ಲೇಸು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಬೀಗ ಹಾಕಿದ ಮನೆಯಲ್ಲಿ ನೀರು ಮತ್ತಷ್ಟು ಕಾಯುವುದರಿಂದ, ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ಗಾಳಿಕಿಂಡಿಗಳನ್ನು ತೆರೆದಿಡಿ. ಹೀಟರಿದ್ದರೆ ಈ ಕಾಲದಲ್ಲಿ ಅದರ ಪ್ಲಗ್ಗು ಕಿತ್ತಿಡಿ. ದೀಪವನ್ನು ಟೈಮರಿಗೆ ಹಾಕಿ, ದಿನಕ್ಕೆ 6 ಗಂಟೆ ಸಾಕು.

ಏರ್ ಪಂಪಿನ ವಿಷಯದಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಪಂಪನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದರೆ, ಕರೆಂಟು ಹೋದಾಗ ಗಾಳಿಯ ಒತ್ತಡ ನಿಂತು ತೊಟ್ಟಿಯ ನೀರು ಅದೇ ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿಯಲಾರಂಭಿಸಬಹುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ನೀರು ಪಂಪನ್ನು ಸುಟ್ಟು ನೆಲದ ಮೇಲೂ ಹರಿದಿರುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿನ ಮೊಳೆಗೆ ತೂಗುಹಾಕಿ, ಅಥವಾ ಕೊಳವೆಯ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕೆಲವೇ ರೂಪಾಯಿಗಳ ಪ್ಲಾಸ್ಟಿಕ್ ತುಂಡು ಅದು.

ನೀರಿನ ಮಟ್ಟ ಬೇಸಿಗೆಯಲ್ಲಿ ಬೇಗ ಇಳಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಎರಡೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಯಿತೆಂದು ತಿಳಿಯಬೇಕು. ಆವಿಯಾಗುವುದು ಬರಿಯ ನೀರು, ಲವಣಗಳು ಒಳಗೇ ಉಳಿಯುತ್ತವೆ. ಹಾಗಾಗಿ ಈ ಕೊರತೆಯನ್ನು ತುಂಬಲು ಮಾತ್ರ ಅಡುಗೆಮನೆಯ ಆರ್‌ಓ ನೀರು ಅತ್ಯುತ್ತಮ, ಅದರಲ್ಲಿ ಕ್ಲೋರಿನ್ನಿನ ಚಿಂತೆಯೂ ಇಲ್ಲ. ಗಾಜಿನ ಮೇಲೆ ಟೇಪಿನ ಗುರುತು ಹಾಕಿ, 20 ಲೀಟರಿನ ಕ್ಯಾನೊಂದನ್ನು ತುಂಬಿ ಮುಚ್ಚಿಟ್ಟು, ಗುರುತಿಗಿಂತ ಎರಡು ಬೆರಳು ಇಳಿದಾಗ ಚೊಂಬಿನಲ್ಲಿ ನಿಧಾನವಾಗಿ ಸುರಿಯಲು ಹೇಳಿ. ನಲ್ಲಿಯಲ್ಲಿ ಬರುವ ಕಾವೇರಿ ಅಥವಾ ಕಬಿನಿ ನೀರನ್ನು ನೇರವಾಗಿ ಹಿಡಿದು ಹಾಕಬಾರದೆಂಬುದನ್ನು ಅವರಿಗೆ ತಿಳಿಸಲೇಬೇಕು. ತೊಟ್ಟಿಗೆ ಮುಚ್ಚಳವಿರಲಿ. ನೀರು ಉಳಿಯುವುದಷ್ಟೇ ಅಲ್ಲ, ಗೋಡೆಯ ಹಲ್ಲಿ ಬಿದ್ದು ಸತ್ತು ಕೊಳೆಯುವುದೂ ತಪ್ಪುತ್ತದೆ.

ಕರಗುವ ಬಿಲ್ಲೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಸುಣ್ಣದಂತಹ ಗಟ್ಟಿ ಪದಾರ್ಥದೊಳಗೆ ಅಲ್ಪ ಆಹಾರ ಸೇರಿಸಿ ಅಚ್ಚು ಹಾಕಿದ ಆ ಬಿಲ್ಲೆಯನ್ನು ಅನೇಕ ಮೀನುಗಳು ಮೂಸಿಯೂ ನೋಡುವುದಿಲ್ಲ, ಕರಗಿದ್ದು ಮಾತ್ರ ನೀರಿನಲ್ಲೇ ಉಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಆಟೋಮ್ಯಾಟಿಕ್ ಫೀಡರ್ ಅದಕ್ಕಿಂತ ಮೇಲು, ಆದರೂ ಸತ್ತ ಮೀನನ್ನು ಅದು ಎತ್ತಿ ಹಾಕಲಾರದು. ಮಂಡ್ಯಕ್ಕೆ ಸಾಗಿಸುವ ಸಲಹೆಯಲ್ಲಿ ನಿಮ್ಮ ತಂಗಿಯವರ ಪ್ರೀತಿ ಕಾಣುತ್ತದೆ. ಆದರೆ ಮೀನುಗಳನ್ನು ಬಲೆ ಹಾಕಿ ಹಿಡಿದು, ಸುಮಾರು 45 ಕಿಲೋಮೀಟರ್ ಕುಲುಕಿಸಿ ಒಯ್ದು, ಬ್ಯಾಕ್ಟೀರಿಯಾಗಳು ಇನ್ನೂ ನೆಲೆಸಿರದ ಹೊಸ ತೊಟ್ಟಿಗೆ ಬಿಟ್ಟು, 22 ದಿನದ ಬಳಿಕ ಅದೇ ಕಷ್ಟವನ್ನು ಮತ್ತೊಮ್ಮೆ ಕೊಡುವುದಕ್ಕಿಂತ ಅವು ತಮ್ಮ ನೀರಿನಲ್ಲೇ ಅರೆಹೊಟ್ಟೆಯಲ್ಲಿರುವುದು ಮೇಲು. ಇಲ್ಲಿ ಖಾಲಿಯಾದ ತೊಟ್ಟಿಯ ಫಿಲ್ಟರ್ ಕೂಡ ಅಷ್ಟರಲ್ಲಿ ಸತ್ವ ಕಳೆದುಕೊಂಡಿರುತ್ತದೆ.

ಸಿದ್ಧತೆಯನ್ನು ಹೊರಡುವ ಹಿಂದಿನ ದಿನಕ್ಕೆ ಉಳಿಸಿಕೊಳ್ಳಬೇಡಿ. ಈಗಿನಿಂದಲೇ ಹೊಸ ಮೀನು ತರುವುದನ್ನು ನಿಲ್ಲಿಸಿ, ಹೊಸತರ ಜೊತೆಗೆ ರೋಗವೂ ಬರಬಹುದು. ಹೊರಡಲು ಒಂದು ವಾರವಿರುವಾಗ ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಿರಿ, ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಮೂರು ದಿನವಿರುವಾಗ ಕಾಲು ಭಾಗ ನೀರು ಬದಲಿಸಿ. ಏನಾದರೂ ಏರುಪೇರಾದರೆ ಸರಿಪಡಿಸಲು ನೀವು ಇನ್ನೂ ಊರಿನಲ್ಲಿರುತ್ತೀರಿ.

ಎದುರು ಮನೆಯವರಿಗೆ ನೋಡಲು ಹೇಳಬೇಕಾದದ್ದು ಇಷ್ಟೇ: ಫಿಲ್ಟರ್ ಓಡುತ್ತಿದೆಯೇ, ಮೀನುಗಳು ಮೇಲಕ್ಕೆ ಬಂದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿವೆಯೇ, ಲೆಕ್ಕ 11 ಇದೆಯೇ. ಸಕ್ಕರ್ ಮರದ ತುಂಡಿನ ಹಿಂದೆ ಅಡಗುವುದರಿಂದ ಲೆಕ್ಕ 10 ಬಂದರೂ ಗಾಬರಿ ಬೇಡವೆಂದು ಸೇರಿಸಿ. ಮಾಲಿ ಮರಿ ಹಾಕಿದರೆ ಲೆಕ್ಕ ಹೆಚ್ಚಲೂಬಹುದು, ಆ ಮರಿಗಳನ್ನು ಏಂಜೆಲ್‌ಗಳು ಉಳಿಸುವುದು ಅಪರೂಪ. ಸತ್ತ ಮೀನು ಕಂಡರೆ ಕೂಡಲೇ ಬಲೆಯಿಂದ ತೆಗೆದುಬಿಡಬೇಕು. ನೀರು ಮಬ್ಬಾದರೆ ಮುಂದಿನ ಪೊಟ್ಟಣ ಹಾಕದೆ, ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೋವನ್ನು ನಿಮಗೆ ವಾಟ್ಸಾಪಿನಲ್ಲಿ ಕಳುಹಿಸಿದರೆ ನೀವು ಕಾಶಿಯಲ್ಲಿದ್ದುಕೊಂಡೇ ನಿರ್ಧರಿಸಬಹುದು.

ಮರಳಿ ಬಂದ ದಿನ ಕೈತುಂಬ ಆಹಾರ ಸುರಿಯುವ ಆಸೆಯನ್ನು ತಡೆದುಕೊಂಡು, ಮರುದಿನ ಕಾಲು ಭಾಗದಷ್ಟು ನೀರನ್ನಷ್ಟೇ ಬದಲಿಸಿ. ಮೂರು ವಾರದಲ್ಲಿ ಮೆಲ್ಲಗೆ ಬದಲಾಗಿರುವ ನೀರಿಗೆ ಮೀನುಗಳು ಹೊಂದಿಕೊಂಡಿರುತ್ತವಾದ್ದರಿಂದ ಒಮ್ಮೆಲೇ ಪೂರ್ತಿ ಹೊಸ ನೀರು ತುಂಬಿದರೆ ಅವಕ್ಕೆ ಆಘಾತವಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಒಂದೆರಡು ಪೊಟ್ಟಣ ಮಿಕ್ಕಿದ್ದರೆ ಎದುರು ಮನೆಯವರನ್ನು ಕೇಳಲು ಹೋಗಬೇಡಿ. ಅಂದಿನ ಸಂಜೆಗೆ ಅದರಲ್ಲೊಂದನ್ನು ನೀವೇ ಹಾಕಿ.