ಪ್ಲಾಸ್ಟರಿಂಗ್‌ಗೆ ಮುಂಚೆ ಟಿವಿ ಗೋಡೆಗೆ ಒಂದು ಪೈಪ್

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಟಿವಿ ಗೋಡೆ ಆರು ಇಂಚಿನ ಸಾಲಿಡ್ ಬ್ಲಾಕ್‌ನದು. ಮುಂದಿನ ವಾರ ಪ್ಲಾಸ್ಟರಿಂಗ್. ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಟಿವಿ ಕೆಳಗಿನ ಯೂನಿಟ್‌ನಲ್ಲಿರುತ್ತವೆ. ಅವುಗಳಿಂದ ಟಿವಿಗೆ ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್ ಗೋಡೆಯೊಳಗೇ ಹಾಕಿ ಮುಚ್ಚಿ, ಮೇಲೊಂದು ಕೆಳಗೊಂದು ಸಾಕೆಟ್ ಪ್ಲೇಟ್ ಕೂರಿಸೋಣ ಅಂತಾರೆ ಎಲೆಕ್ಟ್ರಿಷಿಯನ್. ಹಿಂದಿನ ಗೋಡೆಗೆ ಎರಡು ಸ್ಪೀಕರ್ ಕೂಡ ಬೇಕು. ಹೀಗೆ ಮಾಡಿದರೆ ಸರಿಯಾ?

ಉತ್ತರ: ಒಳ್ಳೆ ಸಮಯಕ್ಕೆ ಕೇಳಿದಿರಿ. ಕೇಬಲನ್ನು ಗಾರೆಯೊಳಗೆ ಹೂಳಲು ಬಿಡಬೇಡಿ. ಅದು ಕೆಟ್ಟ ದಿನ ಬಣ್ಣ ಬಳಿದ ಗೋಡೆ ಒಡೆಯಬೇಕಾಗುತ್ತದೆ. ಪೈಪ್ ಹಾಕಿಸಿ, ಕೇಬಲ್ ಆಮೇಲೆ ಎಳೆಯಿರಿ.

ಪೈಪ್ ಯಾವ ಅಳತೆಯದು ಅನ್ನೋದೇ ಇಲ್ಲಿ ಮುಖ್ಯ. ವೈರಿಂಗ್‌ಗೆ ಹಾಕುವ 25 ಎಂ.ಎಂ. ಪೈಪಿನ ಒಳಗಿನ ಜಾಗ ಅದಕ್ಕಿಂತ ಕಡಿಮೆ ಇರುತ್ತದೆ. ಎಚ್‌ಡಿಎಂಐ ಪಿನ್ನಿನ ತಲೆಯೇ ಸುಮಾರು 20 ಎಂ.ಎಂ. ಅಗಲ. ಬೆಂಡ್ ಬಂದ ಕಡೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ 40 ಎಂ.ಎಂ. ಪೈಪನ್ನು ಮೇಲಿಂದ ಕೆಳಕ್ಕೆ ನೆಟ್ಟಗೆ, ಎಲ್ಬೋ ಇಲ್ಲದೆ ಇಳಿಸಿ. ನಿಮ್ಮದು ನಾಲ್ಕು ಇಂಚಿನ ಗೋಡೆಯಾಗಿದ್ದರೆ ಇಷ್ಟು ಆಳ ಕೊರೆಯಿರಿ ಅಂತ ನಾನು ಹೇಳುತ್ತಿರಲಿಲ್ಲ. ಮೇಲಿನ ಬಾಯಿ ಟಿವಿ ಹಿಂದೆ ಮರೆಯಾಗಬೇಕು, ಆದರೆ ಬ್ರಾಕೆಟ್‌ಗೆ ಅಡ್ಡ ಬರಬಾರದು. ಟಿವಿ ಅಳತೆ ನೋಡಿ ಇವತ್ತೇ ಗುರುತು ಹಾಕಿಬಿಡಿ.

ಟಿವಿಗೆ ಸಾಕೆಟ್ ಪ್ಲೇಟ್ ಬೇಡ ಅನ್ನುತ್ತೇನೆ. ಸ್ವಿಚ್ ಬಾಕ್ಸ್‌ನ ಆಳದಲ್ಲಿ ಪಿನ್ ಕೂತು, ಅದರ ಹಿಂದೆ ದಪ್ಪ ಕೇಬಲ್ ಸಲೀಸಾಗಿ ತಿರುಗುವಷ್ಟು ಜಾಗ ಇರುವುದಿಲ್ಲ. ಒತ್ತಿ ಕೂರಿಸಿದರೆ ಕೆಲವೇ ದಿನಕ್ಕೆ ಚಿತ್ರ ಮಿನುಗಲು ಶುರುವಾಗಬಹುದು. ಪ್ರತಿ ಜೋಡಣೆಯಲ್ಲೂ ಸಿಗ್ನಲ್ ಸ್ವಲ್ಪ ಸೊರಗುತ್ತದೆ ಬೇರೆ. ನಿಮಗೆ ಬೇಕಿರುವುದು ನಾಲ್ಕೈದು ಅಡಿ, ಅಲ್ವಾ? ಬ್ರಷ್ ಇರುವ ತೂತಿನ ಪ್ಲೇಟ್ ಸಾಕು. ಒಂದೇ ಕೇಬಲ್ ಅದರೊಳಗೆ ತೂರಿ ನೇರ ಟಿವಿಗೆ ಹೋಗಲಿ.

ಸ್ಪೀಕರ್‌ಗಳಿಗೆ ಮಾತ್ರ ಪ್ಲೇಟ್ ಹಾಕಿಸಿಯೇ ಹಾಕಿಸಿ. ಅದರ ತಂತಿಗೆ ತಲೆ ಇಲ್ಲ, 25 ಎಂ.ಎಂ. ಪೈಪ್ ಸಾಕಾಗುತ್ತದೆ. 16 ಗೇಜಿನ ಅಪ್ಪಟ ತಾಮ್ರದ ತಂತಿ ಕೊಳ್ಳಿ. ಕೆಂಪು, ಕಪ್ಪು ಎರಡೂ ತುದಿಯಲ್ಲಿ ಹೊಂದಬೇಕು. ಒಂದು ಸ್ಪೀಕರ್‌ನಲ್ಲಿ ಅದಲು ಬದಲಾದರೂ ಬೇಸ್ (ತಗ್ಗಿನ ದಪ್ಪ ದನಿ) ತೆಳುವಾಗುತ್ತದೆ.

230 ವೋಲ್ಟ್ ಕರೆಂಟಿನ ವೈರನ್ನು ಈ ಪೈಪುಗಳೊಳಗೆ ಯಾವ ಕಾರಣಕ್ಕೂ ಹಾಕಿಸಬೇಡಿ. ಅದಕ್ಕೆ ಬೇರೆ ಪೈಪ್, ಒಂದು ಅಡಿ ದೂರದಲ್ಲಿ.

ಪೈಪಿನೊಳಗೆ ನೈಲಾನ್ ಹಗ್ಗ ಇಳಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿಡಿ. ಗಾರೆ ಒಳಗೆ ಬಿದ್ದು ಗಟ್ಟಿಯಾದರೆ ತೆಗೆಯುವುದು ತುಂಬಾ ಕಷ್ಟ.